ಅಗತ್ಯವಲ್ಲ, ಆದರೆ ತುರ್ತು

ಕಾಮಿಸಾವಾ, ಹೊಕ್ಕಾಯಿಡೊ
ಫೆಬ್ರವರಿ ೧೮

ಪ್ರೀತಿಯ ಚಿಜುರುವಿಗೆ ನಿನ್ನ ಅತ್ತಿಗೆ ತೋಮೊಯೆಯ ಆಶೀರ್ವಾದಗಳು.

ನಾವೆಲ್ಲ ಬೆಚ್ಚಗಿದ್ದೇವೆ. ಕಾಗೊಶಿಮಾದಲ್ಲಿ ನಿಮಗೆ ಆಗಲೇ ಪ್ಲಮ್ ಹೂ ಬಿಟ್ಟಿರಬೇಕು. ಇಲ್ಲಿ ನಮ್ಮ ಅಂಚೆಪೆಟ್ಟಿಗೆಯ ತಲೆ ನಿನ್ನೆಯಷ್ಟೇ ಹಿಮದಿಂದ ಹೊರಗೆ ಬಂತು. ಕಾಗದ ತಡವಾದದ್ದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ, ನಿನಗೆ ಹೇಗೆ ಬರೆಯಬೇಕೆಂದು ತೋಚದೆ ಪೆನ್ನು ಕೈಗೆ ತೆಗೆದುಕೊಳ್ಳುವುದು, ಕೆಳಗಿಡುವುದು ಆಗುತ್ತಿತ್ತು. ಬೇಜಾರು ಮಾಡಿಕೊಳ್ಳಬೇಡ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಿನ್ನಮ್ಮನ ಮದುವೆ ಆಯಿತು. ನೀನು ಇದಕ್ಕೆ ಒಪ್ಪಿರಲಿಲ್ಲ. ಅಪ್ಪ ಹೋಗಿ ಇನ್ನೂ ಮೂರು ವರ್ಷ ಆಗಿಲ್ಲ ಎಂದು ಫೋನಿನಲ್ಲಿ ಅತ್ತಿದ್ದೆ. ಕೊನೆಗೆ ಅಮ್ಮನ ಮುಖ ನೋಡಿ, ಮದುವೆಯ ಕಾಗದಕ್ಕೆ ಸಾಕ್ಷಿಯಾಗಿ ಸಹಿ ಹಾಕಲು ಬರುತ್ತೇನೆ ಎಂದಿದ್ದೆ. ಮದುವೆಯ ಹಿಂದಿನ ದಿನ ಬೆಳಿಗ್ಗೆ ಫೋನ್ ಮಾಡಿ, "ಪ್ರಯಾಣ ಬೇಡ ಅಂತ ನಿಮ್ಮ ಬಸ್ಸಿನೋರೇ ಹೇಳ್ತಿದ್ದಾರಲ್ಲ ಅತ್ತಿಗೆ" ಎಂದೆ. ನಾನು ವಾದ ಮಾಡಲಿಲ್ಲ. ಬಸ್ ಕಚೇರಿಯಿಂದ ಊರಿನ ಧ್ವನಿವರ್ಧಕದಲ್ಲಿ ಆ ಮಾತು ಓದಿದವಳೇ ನಾನು.

ಅಂಥ ಹಿಮಗಾಳಿ ಹತ್ತು ವರ್ಷದಲ್ಲಿ ಬಂದಿಲ್ಲ ಎಂದು ಹವಾಮಾನದವರು ಹೇಳಿದ್ದರು. ನಮ್ಮ ಬಸ್ ನಿಲ್ದಾಣದಲ್ಲಿ ಎರಡು ದಿನ ಹಬ್ಬದ ಮನೆಯಂತೆ ಓಡಾಟ. ಚಕ್ರಗಳಿಗೆ ಸರಪಳಿ ಕಟ್ಟಿದೆವು, ಒಂದೊಂದು ಬಸ್ಸಿಗೂ ಸಲಿಕೆ, ಕಂಬಳಿ, ಬಿಸಿ ಚಹಾದ ಫ್ಲಾಸ್ಕು ಇಟ್ಟೆವು. ನಿಲ್ದಾಣದ ಫಲಕಗಳನ್ನು ಗಾಳಿ ಹೊತ್ತೊಯ್ಯದಂತೆ ಹಗ್ಗದಿಂದ ಬಿಗಿದೆವು. ನಿನ್ನ ಅಣ್ಣನಿಗೆ ಹಿಮ ತಳ್ಳುವ ಗಾಡಿಯೊಳಗೇ ಊಟ, ಅದರೊಳಗೇ ನಿದ್ದೆ. ಮದುವೆಯ ದಿನ ಮಧ್ಯಾಹ್ನದ ಬಸ್ಸೇ ಕೊನೆಯದು, ಆಮೇಲೆ ಗಾಳಿ ನಿಲ್ಲುವವರೆಗೂ ಬಸ್ಸಿಲ್ಲ ಎಂದು ಮೊದಲೇ ಸಾರಿದೆವು. ಅದರ ಜೊತೆಗೆ ಯಾವಾಗಲೂ ಓದುವ ಆ ಸಾಲು: ಅಗತ್ಯವೂ ಅಲ್ಲದ, ತುರ್ತೂ ಅಲ್ಲದ ಪ್ರಯಾಣವನ್ನು ದಯವಿಟ್ಟು ಕೈಬಿಡಿ.

ನಮ್ಮ ಜನ ನಿನಗೆ ಗೊತ್ತಲ್ಲ. ಹೇಳಿದ್ದನ್ನು ಮೀರುವವರಲ್ಲ. ಆದರೆ ತಮ್ಮ ಪ್ರಯಾಣ ಅಗತ್ಯವೋ ಅಲ್ಲವೋ ಎಂದು ತಾವೇ ತೀರ್ಮಾನ ಮಾಡುವುದು ಅಹಂಕಾರವಾದೀತು ಎಂದು, ಅದನ್ನು ಕೇಳಲು ಬೆಳಗಿನ ಬಸ್ಸು ಹತ್ತಿ ಸೀದಾ ನಮ್ಮ ಕಚೇರಿಗೇ ಬಂದರು. ತೋಫು ಮಾಡುವ ಸಾಕಿಯೆ ಅಜ್ಜಿ ಬಂದರು. ಕ್ಷೌರಕ್ಕೆ ಹೊರಟಿದ್ದ ನಿಶಿಹಾತಾ ಬಂದ. ನಮ್ಮ ಮೇಲ್ವಿಚಾರಕ ಮುರೋಯಿ ಅವರು ನ್ಯಾಯಾಧೀಶರ ಹಾಗೆ ಕುಳಿತು ಒಬ್ಬೊಬ್ಬರ ಅಹವಾಲು ಕೇಳಿದರು. ಕ್ಷೌರ ಬೇಡ ಎಂದು ತೀರ್ಪಾಯಿತು. ಹಾಗಾದರೆ ಈಗ ಮನೆಗೆ ವಾಪಸು ಹೋಗುವುದು ತುರ್ತೋ ಅಲ್ಲವೋ ಎಂದು ನಿಶಿಹಾತಾ ಕೇಳಿದಾಗ ಮುರೋಯಿ ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

ಅಷ್ಟರಲ್ಲಿ ಬಾಗಿಲು ತೆಗೆದುಕೊಂಡು ಶಿಗೆಜೋ ಅವರು ಒಳಗೆ ಬಂದರು. ಬಂದರಿನ ಊರಿನ ತಮ್ಮ ಮನೆಯಲ್ಲಿ ಕಾಯುತ್ತಿರಬೇಕಾದ ಮದುಮಗ ಇಲ್ಲಿ! ಮೈತುಂಬ ಹಿಮ, ಒಳಗೆ ಮದುವೆಯ ಕಪ್ಪು ಕೋಟು. ಅವರ ಹಿಂದೆಯೇ ನಿನ್ನಮ್ಮ, ಮನೆಯಿಂದ ನಡೆದುಕೊಂಡು. ಬೂದುಬಣ್ಣದ ರೇಷ್ಮೆ ಕಿಮೋನೊ, ಕಾಲಿಗೆ ನಿನ್ನ ಅಣ್ಣನ ರಬ್ಬರ್ ಬೂಟು.

"ನೀನ್ಯಾಕೆ ಇಲ್ಲಿ?" ಎಂದರು ನಿನ್ನಮ್ಮ.

"ಗಾಳಿ ಜೋರಾಗುತ್ತಂತೆ. ಇವತ್ತು ಹೊರಡಬೇಡ ಅಂತ ಹೇಳೋಕೆ ಬಂದೆ ಕಿನುಯೆ."

"ಹೊರಡಬೇಡ ಅಂತ ಹೇಳೋಕೆ ನೀನು ಅಷ್ಟು ದೂರದಿಂದ ಹೊರಟು ಬಂದ್ಯಾ? ಫೋನ್ ಇರ್ಲಿಲ್ವಾ?"

"ಫೋನಲ್ಲಿ ಹೇಳಿದ್ರೆ ನೀನು ಕೇಳೋದಿಲ್ಲ."

"ಎದುರಿಗೆ ಹೇಳಿದ್ರೆ ಕೇಳ್ತೀನಿ ಅಂತ ಯಾರು ಹೇಳಿದ್ರು?"

ಕಚೇರಿಯಲ್ಲಿದ್ದವರೆಲ್ಲ ಚಹಾದ ಬಟ್ಟಲಿನ ಹಿಂದೆ ನಕ್ಕರು. ಅಂದೇ ಪಂಚಾಂಗದಲ್ಲಿ ಒಳ್ಳೆಯ ದಿನ. ಅದಕ್ಕಿಂತ ಹೆಚ್ಚಾಗಿ, ನಿನ್ನಮ್ಮನ ಲೆಕ್ಕವೇ ಬೇರೆ ಇತ್ತು. ಗಾಳಿ ಎಷ್ಟು ದಿನ ಹೊಡೆಯುವುದೋ, ದಾರಿ ಯಾವಾಗ ತೆರೆಯುವುದೋ ಯಾರಿಗೂ ಗೊತ್ತಿಲ್ಲ. ಅಷ್ಟು ದಿನ ಆ ಮನುಷ್ಯ ಎದೆನೋವಿನ ಮಾತ್ರೆ ಇಟ್ಟುಕೊಂಡು ಬಂದರಿನಲ್ಲಿ ಒಬ್ಬನೇ, ತಾನು ಇಲ್ಲಿ. ಪುರಸಭೆಯಲ್ಲಿ ಮದುವೆ ದಾಖಲಾಗದೆ ಅವರೊಂದಿಗೆ ಒಂದೇ ಸೂರಿನಡಿ ಒಂದು ರಾತ್ರಿಯೂ ಉಳಿಯುವುದಿಲ್ಲ ಎಂಬುದು ನಿನ್ನಮ್ಮನ ಹಟ. ಪುರಸಭೆ ಇರುವುದು ಬಂದರಿನಲ್ಲಿ. ಹೋಗುವುದಿದ್ದರೆ ಮಧ್ಯಾಹ್ನದ ಬಸ್ಸು, ಇಲ್ಲದಿದ್ದರೆ ಇಲ್ಲ.

ಮುರೋಯಿ ಅವರು ಬಹಳ ಮರ್ಯಾದೆಯಿಂದ, ಮದುವೆ ವಸಂತಕ್ಕೂ ಆಗಬಹುದಲ್ಲ ಎಂದರು. ಇಬ್ಬರಿಗೂ ವಯಸ್ಸಾಗಿದೆ, ಇದು ಅಗತ್ಯದ ಪ್ರಯಾಣ ಎಂದು ಹೇಗೆ ಹೇಳಲಿ ಎಂದೂ ಸೇರಿಸಿದರು.

ನಿನ್ನಮ್ಮ ಬೂಟಿನ ಹಿಮ ಕೊಡವಿದರು. ಆಮೇಲೆ ಹೇಳಿದರು: "ಅಗತ್ಯ ಅಲ್ಲ ಅಂತ ನಾನೂ ಒಪ್ತೀನಿ ಮುರೋಯಿ. ಈ ವಯಸ್ಸಲ್ಲಿ ಗಂಡ ಯಾರಿಗೆ ಅಗತ್ಯ? ಆದ್ರೆ ತುರ್ತು. ಇಪ್ಪತ್ತರ ಹುಡುಗಿಗಾದ್ರೆ ತುರ್ತಿರಲ್ಲ, ನನಗಿದೆ. ಹಿಮ ಮುಚ್ಚೋದಾದ್ರೆ ನಮ್ಮಿಬ್ಬರನ್ನೂ ಒಂದೇ ಮನೇಲಿ ಮುಚ್ಚಲಿ."

ಯಾರೂ ನಗಲಿಲ್ಲ. ಶಿಗೆಜೋ ಅವರು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಮುರೋಯಿ ಅವರು ಪ್ರಕಟಣೆಯನ್ನು ಮತ್ತೊಮ್ಮೆ ಓದಿದರು. ಅಗತ್ಯವೂ ಅಲ್ಲದೆ ತುರ್ತೂ ಅಲ್ಲದೆ ಇದ್ದರೆ ಮಾತ್ರ ಬೇಡ ಎಂದಿದೆ, ಎರಡರಲ್ಲಿ ಒಂದಿದ್ದರೂ ಸಾಕು ಎಂದು ತೀರ್ಪು ಕೊಟ್ಟು, ಮದುವೆಯ ಕಾಗದದ ಮೇಲೆ ಮೊದಲನೆಯ ಸಾಕ್ಷಿಯಾಗಿ ತಾವೇ ಸಹಿ ಹಾಕಿದರು. ದಾರಿಯಲ್ಲಿ ಹಿಮ ಬಗೆಯಲು ಆಳು ಬೇಕಾದೀತು ಎಂದು ನನ್ನನ್ನೂ ಬಸ್ಸು ಹತ್ತಿಸಿದರು. ನಿಶಿಹಾತಾ ಸಲಿಕೆ ಹಿಡಿದು ತಾನೂ ಹತ್ತಿದ. ಸಾಕಿಯೆ ಅಜ್ಜಿ ತೋಫು ಡಬ್ಬಿಯ ಸಮೇತ ಹತ್ತಿದರು. ನೀವ್ಯಾಕೆ ಎಂದರೆ, "ಇದನ್ನ ನೋಡೋದು ನನಗೆ ಅಗತ್ಯ" ಎಂದರು.

ದಾರಿಯುದ್ದಕ್ಕೂ ಬಿಳಿ ಬಿಟ್ಟು ಬೇರೇನೂ ಕಾಣಲಿಲ್ಲ. ರಸ್ತೆಯ ಅಂಚು ತೋರಿಸುವ ಬಾಣದ ಕಂಬಗಳನ್ನೇ ನೋಡಿಕೊಂಡು ಚಾಲಕ ಇವಾಕಿ ಎತ್ತಿನ ಗಾಡಿಗಿಂತ ನಿಧಾನವಾಗಿ ಬಸ್ಸು ಬಿಟ್ಟ. ಒಂದು ಕಡೆ ಸಿಕ್ಕಿಕೊಂಡೆವು. ನಾನು ಮೊದಲು ಹೊಗೆಕೊಳವೆಯ ಬಾಯಿ ಬಿಡಿಸಿದೆ. ಅದು ಮುಚ್ಚಿದರೆ ಹೊಗೆ ಬಸ್ಸಿನೊಳಗೇ ತುಂಬಿ ಕೂತವರು ಕೂತಲ್ಲೇ ಹೋಗುತ್ತಾರೆ. ನಿಶಿಹಾತಾ ಚಕ್ರದ ಮುಂದೆ ಬಗೆದ. ಒಳಗೆ ಮದುಮಗಳು ಎಲ್ಲರಿಗೂ ಚಹಾ ಬಗ್ಗಿಸಿ ಕೊಡುತ್ತಿದ್ದರು.

ಪುರಸಭೆಯ ಹುಡುಗಿ ಕಾಗದ ನೋಡಿ, ಎರಡನೆಯ ಸಾಕ್ಷಿಯ ಜಾಗ ಖಾಲಿ ಇದೆ ಎಂದಳು. ಅದು ನಿನ್ನ ಜಾಗ. ದಕ್ಷಿಣದಿಂದ ಬರುವ ವಿಮಾನಗಳೆಲ್ಲ ನಿಂತಿವೆ, ಚಿಜುರು ಹೊರಡಲು ಆಗಲಿಲ್ಲ ಎಂದು ನಾನು ಹಿಂದಿನ ದಿನವೇ ನಿನ್ನಮ್ಮನಿಗೆ ಹೇಳಿದ್ದೆ. "ಪಾಪ" ಎಂದಿದ್ದರು, ಅಷ್ಟೇ. ಈಗ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಪೆನ್ನನ್ನು ಸಾಕಿಯೆ ಅಜ್ಜಿಯ ಕೈಗೆ ಕೊಟ್ಟರು.

ಹೊರಗೆ ಬರುವಷ್ಟರಲ್ಲಿ ಎದುರಿನ ಅಂಗಡಿಯೂ ಕಾಣದಂತಾಗಿತ್ತು. ಬಸ್ಸು ಅಲ್ಲೇ ನಿಂತಿತು. ನಾವೆಲ್ಲ ಒಬ್ಬರ ಸೊಂಟ ಒಬ್ಬರು ಹಿಡಿದು ಶಿಗೆಜೋ ಅವರ ಮನೆ ಸೇರಿದೆವು. ಇಬ್ಬರನ್ನೇ ಒಂದು ಮನೆಯಲ್ಲಿ ಮುಚ್ಚಲಿ ಎಂದು ಕೇಳಿಕೊಂಡ ನಿನ್ನಮ್ಮನಿಗೆ ದೇವರು ಅವರಿಬ್ಬರೂ ಸೇರಿ ಆರು ಜನರನ್ನು ಕೊಟ್ಟ, ಮೂರು ದಿನ! ಅಡುಗೆಮನೆಯಲ್ಲಿ ಸಾಲ್ಮನ್ ಮೀನಿನ ಸಾರು, ಸಾಕಿಯೆ ಅಜ್ಜಿಯ ತೋಫು, ಕೆಂಪು ಕಾಳು ಬೆರೆಸಿದ ಮದುವೆಯ ಅನ್ನ. ಇವಾಕಿ ಅಕ್ಕಿಯ ಮದ್ಯ ಸಾಕೆ ಕುಡಿದು ಮೀನುಗಾರರ ಹಾಡು ಹೇಳಿದ. ನಿನ್ನಮ್ಮ ಕತ್ತರಿ ತೆಗೆದು ನಿಶಿಹಾತಾನಿಗೆ ಕ್ಷೌರ ಮಾಡಿಯೇಬಿಟ್ಟರು. ಒಂದು ಕಿವಿಯ ಮೇಲೆ ಹೆಚ್ಚಾಯಿತು, ಇನ್ನೊಂದರ ಮೇಲೆ ಕಡಿಮೆಯಾಯಿತು. ರಾತ್ರಿ ಮದುಮಕ್ಕಳ ಹಾಸಿಗೆಯ ಒಂದು ಕಡೆ ನಾನು, ಇನ್ನೊಂದು ಕಡೆ ಸಾಕಿಯೆ ಅಜ್ಜಿ. ಶಿಗೆಜೋ ಅವರು ಕತ್ತಲಲ್ಲಿ, ಬಸ್ಸು ಯಾವಾಗ ಶುರುವಾಗುತ್ತೆ ತೋಮೊಯೆ ಎಂದು ಮೆಲ್ಲಗೆ ಕೇಳಿದಾಗ ನಿನ್ನಮ್ಮ ನಕ್ಕ ನಗು ನೀನು ಕೇಳಬೇಕಿತ್ತು.

ಅವರಿಬ್ಬರೂ ಚೆನ್ನಾಗಿದ್ದಾರೆ ಚಿಜುರು. ಶಿಗೆಜೋ ಅವರು ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾರೆ, ನಿನ್ನಮ್ಮ ಬೈಯುತ್ತಾರೆ. ನಿನ್ನ ಮನೆಯವರಿಗೆ, ಮಕ್ಕಳಿಗೆ ನನ್ನ ನೆನಪು ತಿಳಿಸು. ನಿನ್ನ ಮನೆ ಯಾವಾಗಲೂ ತುಂಬಿರಲಿ, ನಿನ್ನ ಮೈಕೈ ಗಟ್ಟಿಯಾಗಿರಲಿ.

ಇಂತು ನಿನ್ನ ಅತ್ತಿಗೆ,
ತೋಮೊಯೆ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಆ ಮೂರು ದಿನವೂ ಮಗಳೆಲ್ಲಿ ಎಂದು ಯಾರು ಕೇಳಿದರೂ ನಿನ್ನಮ್ಮ, ವಿಮಾನ ನಿಂತುಹೋಗಿ ಪಾಪ ಅಲ್ಲೇ ಕೂತು ಅಳುತ್ತಿದೆ ಮಗು ಎನ್ನುತ್ತಿದ್ದರು. ಕೊನೆಯ ದಿನ ನಾವಿಬ್ಬರೇ ಅಕ್ಕಿ ತೊಳೆಯುತ್ತಿದ್ದಾಗ, ನನ್ನ ಮುಖ ನೋಡದೆ ಹೇಳಿದರು: "ಮದುವೆ ಹಿಂದಿನ ದಿನ ಸಂಜೆವರೆಗೂ ದಕ್ಷಿಣದ ವಿಮಾನ ಎಲ್ಲಾ ಬಂದಿದ್ವು ತೋಮೊಯೆ, ರೇಡಿಯೋದಲ್ಲಿ ಕೇಳಿದೆ. ಇಲ್ಲಿ ಯಾರಿಗೂ ಹೇಳ್ಬೇಡ. ನನ್ನ ಮಗಳನ್ನ ತಪ್ಪು ತಿಳ್ಕೊತಾರೆ."