ರೊಟ್ಟಿ ಆರಾಕತ್ತಾವ

ಅವ್ವಾ,

ನಿನ್ನೆ ಬೀಚಿನಲ್ಲಿ ನಡೆದದ್ದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಸೊಟ್ಟ ಬಿದ್ದಿವೆ, ಬೈಯಬೇಡ. ನಿನಗೆ ಓದಲು ಬರುತ್ತಿರಲಿಲ್ಲ, ಆದರೂ ನನ್ನ ಅಕ್ಷರ ದುಂಡಗಿವೆಯೋ ಇಲ್ಲವೋ ಎಂದು ದಿನಾ ಬಗ್ಗಿ ನೋಡುತ್ತಿದ್ದೆ. ಈಗ ಇರುವಲ್ಲಿ ಓದಲು ಕಲಿತಿರಬಹುದು. ಕಲಿಯದಿದ್ದರೆ ಯಾರ ಕೈಲಾದರೂ ಓದಿಸಿಕೋ. ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ರಜೆಗೆಂದು ಧಾರವಾಡದ ಹಾಸ್ಟೆಲ್ಲಿನಿಂದ ಬಂದ ದಿನ ಅಪ್ಪ ನನ್ನ ಬ್ಯಾಗು ಹೊತ್ತುಕೊಂಡು ನಮ್ಮ ಮನೆಯಿರುವ ಸಡಾ ಗುಡ್ಡದ ಏರು ಹತ್ತಿದ. ದಾರಿಯುದ್ದಕ್ಕೂ ತಾನು ಓಡಿಸುವ ಲಾರಿಯ ಟಯರಿನ ಮಾತು ಬಿಟ್ಟರೆ ಇನ್ನೊಂದು ಮಾತಿಲ್ಲ. ಮನೆ ತಲುಪಿದವಳೇ ಒಳಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಹೋದ ಮಳೆಗಾಲದಲ್ಲಿ ನೀನು ಕಾಮಾಲೆ ಹಿಡಿದು ಮಲಗಿದ್ದು, ಮತ್ತೆ ಏಳದೇ ಹೋದದ್ದು ಅದೇ ಕೋಣೆಯಲ್ಲಿ. ಆಗಿನಿಂದ ಮನೆಗೆ ಬಂದರೆ ನನ್ನ ರೀತಿ ಇದೇ. ಈಗ ಅಪ್ಪನೇ ರೊಟ್ಟಿ ಬಡಿಯುತ್ತಾನೆ. ತಾಟನ್ನು ನನ್ನ ಬಾಗಿಲ ಮುಂದೆ ಇಟ್ಟು, ಒಮ್ಮೆ ಕೆಮ್ಮಿ, ಹೊರಟುಹೋಗುತ್ತಾನೆ. ಊಟಕ್ಕೆ ಕರೆಯುವುದು ಅವನಿಗೆ ಬರುವುದಿಲ್ಲ. ಆ ಕೆಲಸ ಎಂದೂ ನಿನ್ನದೇ ಆಗಿತ್ತಲ್ಲ.

ಶಾಂತಕ್ಕ ಕ್ಯಾಂಪಿನ ಮೊದಲ ದಿನ ಮಗಳು ಪೂಜಾಳ ಕೈ ಹಿಡಿದುಕೊಂಡು ಬಂದಿದ್ದಳು. ಅದೇ ಶಾಂತಕ್ಕ, ಬೀಚಿನಲ್ಲಿ ನಿನ್ನ ಪಕ್ಕದಲ್ಲೇ ಮಣಿಸರ ಮಾರುತ್ತಿದ್ದವಳು. ಬೀಚಿನಲ್ಲಿ ಮಾರುವವರ ಮಕ್ಕಳಿಗೆಂದು ಬೇಸಿಗೆ ಕ್ಯಾಂಪು ಮಾಡಿದ್ದಾರೆ. ಹಾಡು, ಚಿತ್ರ, ಆಟ. ಅಲ್ಲಿ ನಾನು ಮಿಸ್ಸು, ನಗಬೇಡ! ಆಟ ಆಡಿಸಲು ಸಾವಿಯೋ ಸರ್ ಎಂದು ಒಬ್ಬರಿದ್ದಾರೆ. "ನೀಲಿ, ನೀ ಅದೀ ಅಂತ ಧೈರ್ಯಾ ಮಾಡಿ ಬಿಡಾಕತ್ತೇನಿ ನೋಡು" ಎಂದಳು ಶಾಂತಕ್ಕ. ನಾನೂ ದೊಡ್ಡವಳ ಹಾಗೆ, "ಏನೂ ಚಿಂತಿ ಮಾಡಬ್ಯಾಡಕ್ಕಾ" ಅಂದುಬಿಟ್ಟೆ.

ನಿನ್ನೆ ಮಕ್ಕಳನ್ನು ಚಿತ್ರ ಬಿಡಿಸಲು ಬೀಚಿಗೇ ಕರೆದುಕೊಂಡು ಹೋಗಿದ್ದೆವು. ನೀನು ನನ್ನನ್ನು ಊರ ಶಾಲೆಗೆ ಹಾಕಿದ ಮೇಲೆ ನಾನು ಆ ಮರಳು ತುಳಿದಿರಲಿಲ್ಲ. ಚಿತ್ರ ಮುಗಿಯಿತು, ಮಕ್ಕಳು ಸಾಲಾಗಿ ನಿಲ್ಲಲಿ ಎಂದು ಸಾವಿಯೋ ಸರ್ ಜೇಬಿನಿಂದ ಸೀಟಿ ತೆಗೆದು ಊದಿದರು. ಅಷ್ಟೇ. ಕಣ್ಣು ಮಿಟುಕಿಸುವುದರೊಳಗೆ ಎಲ್ಲರೂ ಮೊಣಕಾಲೂರಿ ಮರಳು ತೋಡಿದರು. ಬಣ್ಣದ ಡಬ್ಬಿ, ನೀರಿನ ಬಾಟಲಿ, ಬಿಡಿಸಿದ ಚಿತ್ರ, ಎಲ್ಲ ಒಳಗೆ. ಮೇಲೆ ಮರಳು ಸವರಿ, ಅದರ ಮೇಲೇ ಕುಳಿತು, ಏನೂ ಅರಿಯದವರ ಹಾಗೆ ಕಡಲು ನೋಡತೊಡಗಿದರು. ಸರ್ ಬಾಯಿ ತೆರೆದುಕೊಂಡು "ಅರೇ, ಕ್ಯಾ ಹುವಾ?" ಎಂದು ನನ್ನ ಕಡೆ ತಿರುಗಿದರು. ನಾನು ಎಲ್ಲಿದ್ದೆ ಹೇಳು? ನಾನೂ ಕುಳಿತಿದ್ದೆ ಅವ್ವಾ. ನನ್ನ ಮೊಬೈಲು ಮರಳಿನೊಳಗೆ, ಅದರ ಮೇಲೆ ನಾನು! ನಾನು ಕಲಿತ ಇಷ್ಟೆಲ್ಲ ವಿದ್ಯೆ ಆ ಗಳಿಗೆಯಲ್ಲಿ ಎಲ್ಲಿ ಹೋಗಿತ್ತು? ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ಸೀಟಿ ಕೇಳಿಸಿತೆಂದರೆ ಸಾಮಾನು ಕಸಿಯುವ ಪೊಲೀಸರು ಬಂದರು, ಗಂಟು ಹುಗಿ, ಮೇಲೆ ಕುಳಿತುಕೋ. ನೀನು ಕಲಿಸಿದ್ದು ನನ್ನ ತಲೆ ಮರೆತಿದ್ದರೂ ಕೈ ಮರೆತಿರಲಿಲ್ಲ.

ನಕ್ಕೆವು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ನೋಡಿದರೆ ಪೂಜಾ ಇಲ್ಲ. ಅವಳ ಚಪ್ಪಲಿ ನೀರಿನಂಚಿನಲ್ಲಿ ಬಿದ್ದಿದ್ದವು, ಒಂದನ್ನು ಅಲೆ ಎಳೆಯುತ್ತಿತ್ತು. ಸಾವಿಯೋ ಸರ್ ಅಂಗಿ ಸಮೇತ ನೀರಿಗೆ ಹಾರಿದರು. ಜೀವರಕ್ಷಕರು ಓಡಿ ಬಂದರು. "ಪೂಜಾ! ಪೂಜಾ!" ಬೀಚೆಲ್ಲ ಅದೊಂದೇ ಹೆಸರು. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಶಾಂತಕ್ಕನಿಗೆ ಏನೆಂದು ಹೇಳಲಿ, ನಾನಿದ್ದೇನೆಂದು ಬಿಟ್ಟುಹೋದವಳಿಗೆ... ಯಾರೋ ಅವಳನ್ನು ಕರೆತರಲು ಆಗಲೇ ಓಡಿದ್ದರು.

ಬೋರಲು ಹಾಕಿದ ದೋಣಿಯ ಕೆಳಗೆ ಮೀನಿನ ನಾತ, ಡಾಂಬರಿನ ನಾತ. ನಿನಗೆ ನೆನಪಿದೆಯಾ? ನೀರಿನಲ್ಲಿ ನಿಂತ ನನ್ನ ಮೂಗಿಗೆ ಅದು ಬಡಿಯಿತು. ಸೀಟಿ ಕೇಳಿದರೆ ನೀನು ಗಂಟನ್ನು ಮರಳಿನೊಳಗೆ ತಳ್ಳುತ್ತಿದ್ದೆ, ನನ್ನನ್ನು ದೋಣಿಯ ಕೆಳಗೆ. ಮಕ್ಕಳನ್ನು ಹಿಡಿದು ಒಯ್ಯುತ್ತಾರೆಂಬ ಹೆದರಿಕೆ ನಿಮಗೆಲ್ಲ. "ಹೆಸರ ಹಿಡದ ಯಾರ ಕರದ್ರೂ ಬರಬ್ಯಾಡ. ಹೆಸರ ಯಾರರ ಹೇಳಿಕೊಡ್ತಾರ. ರೊಟ್ಟಿ ಆರಾಕತ್ತಾವ ಬಾ ಅಂತ ಕೇಳಿಸಿದ್ರಷ್ಟ ಹೊರಗ ಬಾ." ಆ ಉರಿಬಿಸಿಲಿನ ಮರಳಲ್ಲಿ ಎಲ್ಲಿಯ ರೊಟ್ಟಿ! ಆದರೂ ನೀನು ಕೂಗುತ್ತಿದ್ದೆ, ನಾನು ತೆವಳಿಕೊಂಡು ಬರುತ್ತಿದ್ದೆ. ಒಂದು ಸಲ ಸಂಜೆಯ ತನಕ ಯಾರ್ಯಾರೋ ನನ್ನ ಹೆಸರು ಕೂಗಿದರು, ನಾನು ಉಸಿರು ಬಿಡಲಿಲ್ಲ.

ನಾನು ಕಡಲಿಗೆ ಬೆನ್ನು ಹಾಕಿ ದೋಣಿಗಳ ಕಡೆ ಓಡಿದೆ. ಇವಳಿಗೆ ಹುಚ್ಚು ಹಿಡಿಯಿತೇ ಎಂದು ಸಾವಿಯೋ ಸರ್ ನೀರಿನಿಂದಲೇ ಕೂಗಿದರು. ಬಾಯಿ ತೆರೆದೆ, ಬರೀ ಗಾಳಿ ಬಂತು. ಮತ್ತೆ ತೆರೆದೆ. "ರೊಟ್ಟಿ ಆರಾಕತ್ತಾವ, ಬಾ!" ಅವ್ವಾ, ಅದು ನನ್ನ ದನಿಯಲ್ಲ. ಗಂಟಲು ನನ್ನದು, ಹೊರಬಂದದ್ದು ನೀನು. ಕೊನೆಯ ದೋಣಿಯ ಬುಡದಲ್ಲಿ ಮರಳು ಸರಿಯಿತು. ಒಂದು ಪುಟ್ಟ ಕೈ, ಆಮೇಲೆ ರಿಬ್ಬನ್ನು ಕಟ್ಟಿದ ಎರಡು ಜಡೆ. ಪೂಜಾ ಮೈ ಕೊಡವಿಕೊಂಡು ಎದ್ದಳು, ನನ್ನ ಖಾಲಿ ಕೈ ನೋಡಿ ಮುಖ ಊದಿಸಿದಳು. "ಎಷ್ಟ ತಡಾ ಮಾಡಿದ್ರಿ ಮಿಸ್! ನಂಗ ಉಚ್ಚಿ ಬಂದೈತ್ರಿ."

ಶಾಂತಕ್ಕ ಓಡಿ ಬಂದವಳೇ ಮಗಳ ಬೆನ್ನಿಗೆ ಎರಡು ಬಿಟ್ಟು, ಆಮೇಲೆ ಅವಳನ್ನು ಅಪ್ಪಿಕೊಂಡು ಅಲ್ಲೇ ಕುಸಿದಳು. ನಾನು ಅವಳ ಪಕ್ಕ ಕುಳಿತು ಕೇಳಿದೆ, "ಅಕ್ಕಾ, ರೊಟ್ಟಿ ಆರಾಕತ್ತಾವ ಅನ್ನೂದು ನಮ್ಮವ್ವನ ಮಾತು. ಪೂಜಾಗ ಹೆಂಗ ಗೊತ್ತಾತು?"

ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. "ನಿಮ್ಮವ್ವನ ಮಾತ ಖರೇ. ನಮಗೆಲ್ಲಾರಿಗೂ ಆಕಿನ ಕಲಿಸಿದ್ಲು. ಈ ಬೀಚಿನ್ಯಾಗ ಬೆಳದ ನಮ್ಮ ಹುಡುಗೂರೆಲ್ಲಾ ಇದ ಮಾತಿಗೇ ಹೊರಗ ಬರ್ತಾವ. ನಿನಗ ಗೊತ್ತಿಲ್ಲೇನ?"

ನನಗೆ ಗೊತ್ತಿರಲಿಲ್ಲ. ಅದು ನಮ್ಮಿಬ್ಬರದು ಮಾತ್ರ ಎಂದುಕೊಂಡಿದ್ದೆ, ನೀನು ಹೋದೊಡನೆ ಅದೂ ಹೋಯಿತು ಎಂದುಕೊಂಡಿದ್ದೆ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಇನ್ನೂ ಕಾಡುವುದು ಬೇರೆ. ಆ ಮಕ್ಕಳು ಇಂದಿಗೂ ಅಡಗಬೇಕೇ? ಅಷ್ಟು ಬೇಗ, ಅಷ್ಟು ಸದ್ದಿಲ್ಲದೆ, ಆರು ವರ್ಷದ ಕೂಸು... ಸಾವಿಯೋ ಸರ್ ಆ ಸೀಟಿಯನ್ನು ನನ್ನ ಕೈಗೆ ಕೊಟ್ಟು ಹೋದರು. ಇನ್ನು ಮೇಲೆ ಕ್ಯಾಂಪಿನಲ್ಲಿ ಚಪ್ಪಾಳೆ ತಟ್ಟಿ ಕರೆಯುತ್ತೇವೆ. ಇದು ನಿನಗೆ ನಾನು ಕೊಡುವ ಮಾತು.

ಇಷ್ಟು ಬರೆಯುವಾಗ ಬೆಳಗಾಗಿ ಬಹಳ ಹೊತ್ತಾಗಿತ್ತು. ನಿನ್ನ ಕೋಣೆಯಲ್ಲೇ ಕುಳಿತಿದ್ದೆ, ಬಾಗಿಲು ಹಾಕಿಕೊಂಡು. ನಿನ್ನೆಯ ಸುದ್ದಿ ಅಪ್ಪನಿಗೆ ಹೇಳಿರಲಿಲ್ಲ. ದೋಣಿಯ ಸುದ್ದಿ ಅವನಿಗೆ ಎಂದೂ ಗೊತ್ತಿಲ್ಲ. ಹೇಳಿದರೆ ಅವನು ನಿನ್ನನ್ನು ಬೀಚಿಗೆ ಕಳಿಸುವುದಿಲ್ಲ ಎಂದು ನೀನೇ ಮುಚ್ಚಿಟ್ಟಿದ್ದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಬಾಗಿಲ ಹತ್ತಿರ ಹೆಜ್ಜೆ, ಆಮೇಲೆ ಕೆಮ್ಮು. ತಾಟು ಇಟ್ಟು ಹೋಗುತ್ತಾನೆ ಎಂದು ಕಾದೆ. ಹೋಗಲಿಲ್ಲ.

"ನೀಲಿ," ಎಂದ. ಮತ್ತೆ ಕೆಮ್ಮಿದ. "ರೊಟ್ಟಿ ಆರಾಕತ್ತಾವ... ಬಾ."

ಪೆನ್ನು ಕೆಳಗಿಟ್ಟೆ. ಅವನಿಗೆ ಯಾರು ಹೇಳಿಕೊಟ್ಟರು ಅವ್ವಾ? ಯಾರೂ ಇಲ್ಲ. ಅವನಿಗೆ ಕರೆಯಬೇಕೆನಿಸಿತು, ಬಾಯಿಗೆ ಬಂದದ್ದು ಆ ಮಾತು.

ಬಾಗಿಲು ತೆಗೆದು ಹೊರಗೆ ಬಂದೆ. ಇಬ್ಬರೂ ಒಲೆಯ ಮುಂದೆ ಕುಳಿತು ಉಂಡೆವು, ನಾನು ಅಳುತ್ತ, ಅವನು ಯಾಕೆಂದು ಕೇಳದೆ. ರೊಟ್ಟಿ ದಪ್ಪಗಿದ್ದವು, ಅಂಚು ಹೊತ್ತಿದ್ದವು. ಆದರೆ ಒಂದೂ ಆರಿರಲಿಲ್ಲ.

ನಿನ್ನ
ನೀಲಿ