ಪರದೆಯ ಹಿಂದಿನ ದನಿ

ನೆರೆದಿರುವ ಮಹಾಜನರೇ! ಮಹಾಜನರೆಂದರೆ ಅಪ್ಪಾ, ಈಗ ಇಲ್ಲದ ನೀವೊಬ್ಬರೇ.

ನಾಳೆ ನಿಮ್ಮ ಸೊಸೆ ಶುಭಶ್ರೀಗೆ ಮಂಗಳೂರಿನಲ್ಲಿ ಕೆಎಎಸ್ ಪರೀಕ್ಷೆ. ಅವಳು ಓದುವಾಗ ಮಕ್ಕಳಿಬ್ಬರಿಗೆ ಉಣಿಸುವುದು ನನ್ನ ಪಾತ್ರ. ನಾನು ರಾಕ್ಷಸನಾಗಿ ಅಬ್ಬರಿಸದೆ ಅವರು ಬಾಯಿ ತೆರೆಯುವುದಿಲ್ಲ. ಅಬ್ಬರಿಸಿದರೆ ಇಡೀ ಲಾಯಿಲ ಊರಿಗೇ ಕೇಳುತ್ತದೆ. ಕೊನೆಯ ದಿನವಾದರೂ ಅವಳ ಓದು ಕೆಡದಿರಲಿ ಎಂದು, ನಾನು ರಂಗದಲ್ಲಿ ಮಾತು ಮರೆತಾಗ ನೀವು ಪರದೆಯ ಹಿಂದಿನಿಂದ ಹೇಳಿಕೊಡುತ್ತಿದ್ದ ಪಿಸುದನಿಯಲ್ಲೇ ಇಂದು ಕಥೆ ಹೇಳಿದೆ. ಮಕ್ಕಳು ಹತ್ತಿರ ಸರಿದು ಕುಳಿತರು. ಗಂಜಿ ಖಾಲಿಯಾಯಿತು.

ಶುಭಶ್ರೀ ಪುಸ್ತಕ ಬಿಟ್ಟು ಓಡಿಬಂದಳು. “ಎಂತ ಮಾರಾಯ್ರೆ, ಸದ್ದೇ ಇಲ್ಲ? ಮಕ್ಕಳಿಗೆ ಏನಾಯ್ತು ಅಂತ ಹೆದರಿದೆ. ನಿಮ್ಮ ಬೊಬ್ಬೆ ಕೇಳ್ತಾ ಇದ್ರೆ ನನಗೆ ಧೈರ್ಯದಲ್ಲಿ ಓದ್ಲಿಕ್ಕೆ ಆಗ್ತದೆ.”

“ರಾಕ್ಷಸ ಬರ್ಲಿ,” ಎಂದಳು ಮಗಳು ಚೈತನ್ಯಾ. ಬಂದ.

ನಿಮ್ಮ ದನಿ ಕೇಳುತ್ತಿದ್ದುದರಿಂದಲೇ ನಾನು ನಟನಾದೆ ಅಪ್ಪಾ. ನನಗೆ ಚಪ್ಪಾಳೆ ಬೀಳುವಾಗ ನೀವು ಹಿಂದೆ ಪರದೆ ಮಡಚುತ್ತಿದ್ದಿರಿ.

ನಾಳೆ ಬೆಳಿಗ್ಗೆ ಗುರುವಾಯನಕೆರೆಯಲ್ಲಿ ಶುಭಶ್ರೀಯನ್ನು ಬಸ್ಸು ಹತ್ತಿಸುವಾಗ, ನೀವು ನನ್ನನ್ನು ರಂಗಕ್ಕೆ ಬಿಡುವ ಮೊದಲು ಹೇಳುತ್ತಿದ್ದುದನ್ನೇ ಅವಳ ಕಿವಿಯಲ್ಲಿ ಹೇಳುತ್ತೇನೆ: ಹೆದರಬೇಡ, ಹಿಂದೆ ನಾನಿದ್ದೇನೆ.