ನನ್ನ ಹೇಳಿಕೆಯನ್ನು ದಯವಿಟ್ಟು ನಂಬಬೇಡಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಕಳೆದ ಫೆಬ್ರುವರಿಯಲ್ಲಿ ನಿಮ್ಮ ಕಚೇರಿಯಲ್ಲಿ ಕೂತು ನಾನು ಸಹಿ ಹಾಕಿಕೊಟ್ಟ ಹೇಳಿಕೆ ಸುಳ್ಳು. ಆ ಸುಳ್ಳನ್ನೇ ಆಧಾರ ಮಾಡಿಕೊಂಡು ನೀವು ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ ಗಂಗಾಂಬಿಕಾ ಅವರನ್ನು ಅಮಾನತು ಮಾಡಿದ್ದೀರಿ. ಹೇಳಿಕೆಯನ್ನು ವಾಪಸ್ ಪಡೆಯುತ್ತೇನೆಂದು ಮೂರು ಸಲ ನಿಮ್ಮ ಬಾಗಿಲಿಗೆ ಬಂದೆ. ಮೊದಲ ಸಲ ತಾವು ಸಭೆಯಲ್ಲಿದ್ದಿರಿ, ಎರಡನೇ ಸಲ ತರಬೇತಿಯಲ್ಲಿದ್ದಿರಿ. ಮೂರನೇ ಸಲ ತಮ್ಮ ಜೀಪು ಹೊರಗೆ ನಿಂತಿತ್ತು, ತಮ್ಮ ದನಿ ಒಳಗೆ ಕೇಳುತ್ತಿತ್ತು, ಆದರೂ ತಾವು ಇಲ್ಲವೆಂದು ನನಗೆ ತಿಳಿಸಲಾಯಿತು. ಇರುವವರನ್ನು ಇಲ್ಲವೆನ್ನುವುದು ನಿಮ್ಮ ಕಚೇರಿಯಲ್ಲಿ ಶಿಸ್ತು, ಇಲ್ಲದವರನ್ನು ಇದ್ದಾರೆನ್ನುವುದು ನಮ್ಮೂರ ಶಾಲೆಯಲ್ಲಿ ಅಪರಾಧ. ಈ ವ್ಯತ್ಯಾಸ ತಿಳಿಯದಷ್ಟು ದಡ್ಡಿ ನಾನಲ್ಲ. ಆದರೂ ಹೇಳಬೇಕಾದ್ದನ್ನು ಎಲ್ಲಾದರೂ ಹೇಳಲೇಬೇಕಲ್ಲ, ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಓದುಗರಿಗೂ ತಿಳಿಯಲೆಂದು ನನ್ನ ಹೇಳಿಕೆಯ ಸಾಲುಗಳನ್ನು ಇಲ್ಲಿ ಕೊಡುತ್ತೇನೆ: "ನನ್ನ ಮಗಳು ಇಂಚರ ಪ್ರತಿದಿನವೂ ಶಾಲೆಗೆ ಹೋಗುತ್ತಿದ್ದಾಳೆಂದು ನಾನು ನಂಬಿರುತ್ತೇನೆ. ಆಕೆ ಗೈರುಹಾಜರಾಗಿದ್ದ ವಿಷಯವನ್ನು ಮುಖ್ಯ ಶಿಕ್ಷಕಿಯವರು ನನ್ನ ಗಮನಕ್ಕೆ ತಂದಿರುವುದಿಲ್ಲ." ಸ್ವಾಮೀ, ಗೈರುಹಾಜರಿ ಒಂದೆರಡು ದಿನದ್ದಲ್ಲ. ಮೂರು ವರ್ಷದ್ದು. ಮೂರು ವರ್ಷ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನನ್ನ ಮಗಳು ನನ್ನ ಕಣ್ಣೆದುರು, ನಮ್ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಅವಳು ಶಾಲೆಯಲ್ಲಿದ್ದಾಳೆಂದು ನಾನು ನಂಬಿದ್ದೆನಂತೆ! ಹೆತ್ತ ತಾಯಿಗೆ ಮಗಳು ಮನೆಯಲ್ಲಿರುವುದು ಮೂರು ವರ್ಷ ಗೊತ್ತಾಗಲಿಲ್ಲ ಎಂಬುದನ್ನು ಓದಿ, ಅದರ ಕೆಳಗೆ 'ಪರಿಶೀಲಿಸಲಾಗಿದೆ' ಎಂದು ಬರೆದು ತಾವು ಸಹಿ ಮಾಡಿದ್ದೀರಿ. ಅದನ್ನು ನಂಬಿದಿರೋ, ನಂಬಿದರೆ ಕೆಲಸ ಬೇಗ ಮುಗಿಯುತ್ತದೆ ಎಂದುಕೊಂಡಿರೋ? ಸುಳ್ಳು ಹೇಳಿದ ನಾನು ಈ ಪ್ರಶ್ನೆ ಕೇಳಬಾರದು, ನಿಜ. ಆದರೆ ಕೇಳುವವರು ಬೇರೆ ಯಾರೂ ಇಲ್ಲ.

ಮೊದಲಿನಿಂದ ಹೇಳುತ್ತೇನೆ. ನಾನು ಡಿ.ಎಡ್ ಓದಿದವಳು. ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು ನಾಲ್ಕು ಸಲ ಬರೆದೆ, ಕೊನೆಯ ಸಲ ಎರಡು ಅಂಕ ಕಡಿಮೆ ಬಿತ್ತು. ಆಮೇಲೆ ಮದುವೆಯಾಗಿ ಕೊಳಾಲ ಹೋಬಳಿಯ ಈ ಊರಿಗೆ ಬಂದೆ. ಯಜಮಾನರು ರಂಗೇಶ್ ಮಧುಗಿರಿಯಲ್ಲಿ ಗೂಡ್ಸ್ ಆಟೋ ಓಡಿಸುತ್ತಾರೆ, ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾರೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ನಾನೇ ಮಗಳಿಗೆ ಅಕ್ಷರ ಕಲಿಸಿದೆ. ಒಂದನೇ ತರಗತಿಗೆ ಹೋಗಬೇಕಾದ ಹುಡುಗಿ ಮನೆಯಲ್ಲೇ ಕೂತು ಪತ್ರಿಕೆಯ ತಲೆಬರಹ ಓದುತ್ತಿದ್ದಳು. ಶಾಲೆ ತೆರೆದ ಮೇಲೆ ಒಂದು ವರ್ಷ ಕಳಿಸಿದೆ. ಐದು ತರಗತಿಗೆ ಒಬ್ಬರೇ ಟೀಚರ್. ಅವರೇ ಪಾಠ ಹೇಳಬೇಕು, ಹಾಲಿನ ಪುಡಿಯ ಲೆಕ್ಕ ಬರೆಯಬೇಕು, ತಾವು ಕೇಳಿದಾಗಲೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಬೇಕು. ಇಂಥ ಕಡೆ ನನ್ನ ಮಗಳೇನು ಕಲಿತಾಳು ಎಂದು ಮೂರನೇ ತರಗತಿಯಿಂದ ಮನೆಯಲ್ಲೇ ಇಟ್ಟುಕೊಂಡೆ. ಮನೆಯವರಿಗೆಲ್ಲ ಇದೇ ಕಾರಣ ಹೇಳಿದೆ. ಹೇಳಿ ಹೇಳಿ ನನಗೂ ಅದೇ ನಿಜವೆನಿಸಿತ್ತು.

ನನ್ನ ಅತ್ತೆ ಕದರಮ್ಮ ಅಕ್ಷರ ಕಲಿತವರಲ್ಲ. ಅವರು ಮಾತ್ರ ಮೊದಲ ವಾರವೇ ಒಂದು ಮಾತು ಹೇಳಿದ್ದರು. "ಅಲ್ಲ ಕಣಮ್ಮ, ಇಸ್ಕೂಲು ಬೇಕಾಗಿರೋದು ಮಗೀಗೋ, ನಿಂಗೋ?" ನನಗೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ನನ್ನ ಶಾಲೆ ಹೇಗಿತ್ತೆಂದು ಕೇಳಿ. ಗೋಡೆಗೆ ಕಪ್ಪು ಬಣ್ಣ ಹೊಡೆಸಿದ್ದೆ. ವೇಳಾಪಟ್ಟಿ ಬರೆದು ಅಂಟಿಸಿದ್ದೆ. ಹತ್ತು ಗಂಟೆಗೆ ಮಗಳು ಎದ್ದುನಿಂತು "ನಮಸ್ತೆ ಟೀಚರ್" ಅನ್ನಬೇಕಿತ್ತು, ಆ ಹೊತ್ತಿನಲ್ಲಿ ಅಮ್ಮ ಅನ್ನುವ ಹಾಗಿರಲಿಲ್ಲ. ಭಿನ್ನರಾಶಿಯ ಪಾಠ ರೊಟ್ಟಿ ತಟ್ಟುವಾಗ, ಗುಣಾಕಾರ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವಾಗ. ಒಲೆಯ ಮೇಲೆ ಸಾರು ಉಕ್ಕಿದರೆ ವಿಜ್ಞಾನ ಅರ್ಧಕ್ಕೆ ನಿಲ್ಲುತ್ತಿತ್ತು. ಬಾಗಿಲಲ್ಲಿ ಯಾರಾದರೂ ನಿಂತು "ಏನ್ ಮಂಜುಳಮ್ಮ, ಪಾಪ ಇಸ್ಕೂಲಿಗೆ ಹೋಗ್ಲಿಲ್ವಾ?" ಅಂದರೆ "ಯಾಕೋ ಹುಷಾರಿಲ್ಲ" ಅನ್ನುತ್ತಿದ್ದೆ. ಮೂರು ವರ್ಷ ಕಾಯಿಲೆ ಬಿದ್ದ ಹುಡುಗಿ ಗುಂಡುಕಲ್ಲಿನ ಹಾಗಿದ್ದಳು. ಚೆನ್ನಾಗಿ ಕಲಿತಳು, ಅದರಲ್ಲಿ ಅನುಮಾನವಿಲ್ಲ. ಆದರೆ ಮಧ್ಯಾಹ್ನ ಶಾಲೆಯ ಊಟದ ಗಂಟೆ ಹೊಡೆದಾಗ ಬರೆಯುವುದನ್ನು ನಿಲ್ಲಿಸಿ ಆ ಕಡೆ ಕಿವಿ ಕೊಡುತ್ತಿದ್ದಳು. ಅದನ್ನು ನೋಡಿಯೂ ನೋಡದವಳಂತೆ "ಮುಂದೆ ಬರಿ" ಅನ್ನುತ್ತಿದ್ದೆ.

ಇನ್ನು ಹಾಜರಿ ಪುಸ್ತಕದ ವಿಷಯ. ಮಗಳ ಹೆಸರು ತೆಗೆಯಿರಿ, ಮನೆಯಲ್ಲೇ ಓದಿಸುತ್ತೇನೆ ಎಂದು ನಾನು ಗಂಗಾಂಬಿಕಾ ಮೇಡಂ ಬಳಿ ಹೋದಾಗ ಶಾಲೆಯಲ್ಲಿದ್ದದ್ದು ಹತ್ತೇ ಮಕ್ಕಳು. ಹತ್ತಕ್ಕಿಂತ ಕಡಿಮೆಯಾದರೆ ಶಾಲೆಯನ್ನು ಆಚೆ ಊರಿನದಕ್ಕೆ ಸೇರಿಸುತ್ತಾರೆಂಬ ಸುದ್ದಿ ಆಗ ಊರಲ್ಲಿ ಓಡಾಡುತ್ತಿತ್ತು. ಆಚೆ ಊರಿಗೆ ಹೋಗಬೇಕಾದರೆ ಪುಟ್ಟ ಮಕ್ಕಳು ಕೆರೆಯ ಕೋಡಿ ದಾಟಬೇಕು. ಮೇಡಂ ನನ್ನನ್ನು ಬೈಯಲಿಲ್ಲ. ಹಾಜರಿ ಪುಸ್ತಕ ಮುಚ್ಚಿಟ್ಟು, "ಹೆಸರು ತೆಗೆದ್ರೆ ಮಿಕ್ಕಿದ್ ಒಂಬತ್ತು ಮಕ್ಕಳ ಗತಿ ಏನಮ್ಮ? ದಿನಾ ಬೇಡ, ವಾರಕ್ಕೆರಡು ದಿನಾನಾದ್ರೂ ಕಳ್ಸು" ಎಂದರು. ನಾನು ಏನು ಹೇಳಿದೆ ಗೊತ್ತೆ? "ಹೆಸರು ಹಂಗೇ ಇರ್ಲಿ ಮೇಡಂ, ಹಾಜರಿ ನೀವೇ ಹಾಕ್ಬುಡಿ. ಪರೀಕ್ಷೆಗೆ, ಆಗಸ್ಟ್ ಹದಿನೈದಕ್ಕೆ ಕಳಿಸ್ತೀನಿ." ಇದು ನನ್ನ ಮಾತು. ಅವರದಲ್ಲ. ನಾನೇ ಹೇಳಿಕೊಟ್ಟೆ, ಅವರು ತಲೆತಗ್ಗಿಸಿ ಒಪ್ಪಿಕೊಂಡರು. ತಾವು ಮೇಡಂಗೆ ಕೊಟ್ಟ ನೋಟೀಸಿನಲ್ಲಿ ಪಟ್ಟಿ ಮಾಡಿರುವ 'ಮೊಟ್ಟೆ ದುರುಪಯೋಗ'ಕ್ಕೂ ನಾನೇ ಸಾಕ್ಷಿ. ಮೊಟ್ಟೆ ಕೊಡುವ ದಿನ ಅಡುಗೆಯ ಓಬಳಮ್ಮ ಸೆರಗಿನ ತುದಿಯಲ್ಲಿ ಒಂದು ಬೆಂದ ಮೊಟ್ಟೆ ಸುತ್ತಿಕೊಂಡು ನಮ್ಮನೆಗೆ ಬರುತ್ತಿದ್ದರು. "ಬುಕ್ಕಿನಾಗೆ ಹೆಸ್ರು ಐತೆ ಅಂದ್ಮೇಲೆ ಮಗೀದು ಮಗೀಗೇ ಸೇರ್ಬೇಕು ಕಣಮ್ಮ" ಎನ್ನುತ್ತಿದ್ದರು. ದುರುಪಯೋಗವಾದ ಅಷ್ಟೂ ಮೊಟ್ಟೆ ಯಾರಿಗಾಗಿ ಬಂದಿತ್ತೋ ಅವಳ ಹೊಟ್ಟೆಗೇ ಹೋಗಿದೆ. ಇಷ್ಟು ಪ್ರಾಮಾಣಿಕ ದುರುಪಯೋಗವನ್ನು ತಾವು ಇಲಾಖೆಯಲ್ಲಿ ಇನ್ನೆಲ್ಲಾದರೂ ಕಂಡಿದ್ದೀರಾ?

ತಾವು ಹೇಳದೆ ಕೇಳದೆ ತಪಾಸಣೆಗೆ ಬಂದ ಆ ಮಂಗಳವಾರ ಓಬಳಮ್ಮ ಹಿತ್ತಲ ಕಡೆಯಿಂದ ಓಡಿ ಬಂದರು. "ಸಾಹೇಬ್ರು ಬಂದವ್ರೆ, ಇಂಚರನ್ನ ಕಳ್ಸು, ಬೇಗ!" ನಾನು ಪೆಟ್ಟಿಗೆಯಿಂದ ಶಾಲೆಯ ಸಮವಸ್ತ್ರ ತೆಗೆದು ತೊಡಿಸಿದೆ. ವರ್ಷವರ್ಷ ಕೊಟ್ಟಿದ್ದನ್ನು ಪರೀಕ್ಷೆಗೆ, ಆಗಸ್ಟ್ ಹದಿನೈದಕ್ಕೆ ಬಿಟ್ಟರೆ ಹಾಕಿರಲಿಲ್ಲ, ಅಂಗಿಯ ಮೇಲೆ ಮಡಿಕೆಯ ಗೆರೆ ಹಾಗೇ ಇತ್ತು. ಮಗಳ ಕೈ ಹಿಡಿದು ಓಡಿದೆ. ಅವಳು ಒಳಗೆ ಹೋದಳು, ನಾನು ಬಾಗಿಲಲ್ಲಿ ನಿಂತೆ. ತಮಗೆ ನೆನಪಿರಬೇಕು, ತಾವು ಅವಳನ್ನು ಗದರಲಿಲ್ಲ. "ಹೋಗಮ್ಮ, ನಿನ್ನ ಜಾಗದಲ್ಲಿ ಕೂತ್ಕೋ" ಅಂದಿರಿ, ಅಷ್ಟೆ. ನನ್ನ ಮಗಳಿಗೆ ತನ್ನ ಜಾಗ ಯಾವುದೆಂದು ಗೊತ್ತಿರಲಿಲ್ಲ. ಒಂಬತ್ತು ಮಕ್ಕಳ ಮುಂದೆ ಸುಮ್ಮನೆ ನಿಂತಳು. ಒಂದನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಪಕ್ಕಕ್ಕೆ ಸರಿದು ಚಾಪೆ ತಟ್ಟಿ "ಬಾರಕ್ಕ, ಇಲ್ಲಿ" ಎಂದಳು. "ನಿಂಗೆ ಪಾಠ ಹೇಳೋರು ಯಾರಮ್ಮ?" ಎಂದು ತಾವು ಕೇಳಿದಿರಿ. "ನಮ್ಮಮ್ಮ ಸಾರ್" ಎಂದಳು. ಸುಳ್ಳು ಹೇಳಬಾರದು ಎಂದು ಅವಳಿಗೆ ಕಲಿಸಿದವಳೂ ನಾನೇ.

ತಾವು ಮೇಡಂ ಕಡೆ ತಿರುಗಿದಿರಿ. ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿದೆ. "ತಪ್ಪು ನಂದೇ ಸರ್" ಎಂದರು ಅವರು. ನಾಲ್ಕು ಹೆಜ್ಜೆ ಒಳಗೆ ಬಂದು, ಇಲ್ಲ ಸರ್, ಇದು ನನ್ನ ಕೆಲಸ ಎನ್ನುವುದಕ್ಕೆ ನನಗೆ ಎಷ್ಟು ಹೊತ್ತು ಬೇಕಿತ್ತು? ನಾನು ಹೊಸ್ತಿಲು ದಾಟಲಿಲ್ಲ. ಆ ಕ್ಷಣ ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸುತ್ತದೆ.

ಅದಕ್ಕಿಂತ ಹೇಸಿಗೆಯ ಕೆಲಸ ಮಾಡಿದ್ದು ಮರುವಾರ, ತಮ್ಮ ಕಚೇರಿಯಲ್ಲಿ. ಹೇಳಿಕೆ ತೆಗೆದುಕೊಳ್ಳಲು ಕೂತ ಗುಮಾಸ್ತರು ನನ್ನ ಮುಖ ನೋಡಿ ಮರುಗಿದರು. "ನೋಡಮ್ಮ, 'ನಂಗೆ ಗೊತ್ತಿತ್ತು' ಅಂತ ನೀವಂದ್ರೆ ನಿಮ್ ಮೇಲೂ ಕೇಸು ಬತ್ತದೆ. ಗೊತ್ತಿರ್ಲಿಲ್ಲ ಅಂತ ಬರ್ಕೊಡಿ, ಮುಗ್ದೋಯ್ತದೆ." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅವರನ್ನು ದೂರುವುದಿಲ್ಲ. ಕೇಸು ಎಂದ ಕೂಡಲೇ ನನಗೆ ಪೊಲೀಸು, ಕೋರ್ಟು, ಆಟೋ ಬಿಟ್ಟು ಅಲೆಯುವ ಗಂಡ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅವರು ಹೇಳಿದ್ದನ್ನೇ ಬರೆದೆ. ಡಿ.ಎಡ್ ಓದಿದ ಕೈ ಸ್ವಾಮಿ, ಒಂದು ಕಾಗುಣಿತ ತಪ್ಪಲಿಲ್ಲ, ಅಕ್ಷರ ಮುತ್ತಿನ ಹಾಗಿವೆ.

ಮೇಡಂಗೆ ನಿವೃತ್ತಿಗೆ ಇನ್ನು ಒಂದೂವರೆ ವರ್ಷವಿತ್ತು. ಅವರ ಜಾಗಕ್ಕೆ ಬೇರೆ ಶಾಲೆಯ ಮೇಷ್ಟ್ರೊಬ್ಬರು ವಾರಕ್ಕೆ ಮೂರು ದಿನ ಬಂದು ಹೋಗುತ್ತಾರೆ. ಮಿಕ್ಕ ದಿನ ಮಕ್ಕಳು ಅಂಗಳದಲ್ಲಿ ಆಡಿಕೊಂಡಿರುತ್ತವೆ. ಒಂದು ಮಗು ಶಾಲೆಗೆ ಬರಲಿಲ್ಲವೆಂದು ಒಂಬತ್ತು ಮಕ್ಕಳಿಗೆ ಟೀಚರನ್ನೇ ಇಲ್ಲದಂತೆ ಮಾಡುವುದು ಯಾವ ನಿಯಮದ ಯಾವ ಕಲಮಿನಲ್ಲಿದೆ? ಕ್ಷಮೆ ಕೇಳಲೆಂದು ಮೇಡಂ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ "ಇಂಚರ ಹೆಂಗಿದಾಳಮ್ಮ, ಆರನೇ ಕ್ಲಾಸಿಗೆ ಸೇರಿಸಿದ್ಯಾ?" ಎಂದು ಕೇಳಿದರು. ಹೇಳಿಕೆಯ ಮಾತು ನಾನು ಎತ್ತಲೇ ಇಲ್ಲ. ಅವರಿಗೆ ಅದರ ಪ್ರತಿ ಸಿಕ್ಕಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕಾಫಿ ಕುಡಿದು ಬಂದುಬಿಟ್ಟೆ.

ಸೇರಿಸಿದ್ದೇನೆ. ಜೂನಿನಿಂದ ಇಂಚರ ಕೊಳಾಲದ ಶಾಲೆಗೆ ಹೋಗುತ್ತಿದ್ದಾಳೆ. ಮೊದಲ ವಾರವೇ ದನಿ ಕಟ್ಟಿಕೊಂಡು ಬಂದಳು. ಶೀತವಾಯಿತೇನೋ ಎಂದು ಹೆದರಿ ಬಿಸಿನೀರು ಕಾಯಿಸಿದೆ. ಶೀತವಲ್ಲ, ಖೋ ಖೋ ಆಡಿ ಕಿರುಚಿದ್ದಂತೆ. ಮೂರು ವರ್ಷ ನನ್ನ ಶಾಲೆಯಲ್ಲಿ ಅವಳ ದನಿ ಒಂದು ದಿನವೂ ಕಟ್ಟಿರಲಿಲ್ಲ. ಕಿರುಚುವುದಕ್ಕೆ ಅಲ್ಲಿ ಯಾರಿದ್ದರು? ಅತ್ತೆ ಅಂದು ಕೇಳಿದ ಪ್ರಶ್ನೆಗೆ ಉತ್ತರ ಬಿಸಿನೀರಿನ ಲೋಟ ಹಿಡಿದು ನಿಂತಾಗ ತಿಳಿಯಿತು. ಶಾಲೆ ಬೇಕಾಗಿದ್ದು ನನಗೆ. ಸರ್ಕಾರ ಕೊಡದ ಕೆಲಸವನ್ನು ಮಗಳಿಂದ ಕಿತ್ತುಕೊಂಡೆ. ಮನೆಯಲ್ಲಿ ಓದಿಸುವ ಎಲ್ಲ ತಾಯಂದಿರೂ ಹೀಗೆ ಎನ್ನುತ್ತಿಲ್ಲ, ಬೇರೆ ಕಾರಣಕ್ಕೆ ಓದಿಸುವವರು ಇದ್ದಾರು. ನನ್ನ ಕಾರಣ ಇದು.

ಹೋದ ಭಾನುವಾರ ಇಂಚರ ತನ್ನ ಆಧಾರ್ ಕಾರ್ಡು ಹುಡುಕುತ್ತ ಬೀರು ತೆಗೆದಳು. ಹೇಳಿಕೆಯ ಪ್ರತಿ ಅಲ್ಲೇ ಇತ್ತು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಓದಿ ಮುಗಿಸಿದ್ದಳು. ಕಚೇರಿಯ ಕನ್ನಡ ಅವಳಿಗೆ ಎಲ್ಲೂ ತೊಡಕಾಗಲಿಲ್ಲ, ಅಷ್ಟು ಚೆನ್ನಾಗಿ ಓದಲು ಕಲಿಸಿದ್ದೇನೆ. "ಇದು ನಿನ್ನ ಅಕ್ಷರ ಅಲ್ವಾ?" ಎಂದಳು. ಹೌದೆಂದೆ. "ಗಂಗಾ ಮಿಸ್ಸಿಗೆ ಹಿಂಗಾಗಿದ್ದು ನಾನು ನಿಜ ಹೇಳಿದ್ದಕ್ಕೆ ಅಂದ್ಕೊಂಡಿದ್ದೆ" ಎಂದಳು. ಅಷ್ಟೇ. ಫೆಬ್ರುವರಿಯಿಂದ ಇಲ್ಲಿಯವರೆಗೆ ಆ ಹತ್ತು ವರ್ಷದ ಮಗು ನನ್ನ ತಪ್ಪನ್ನು ತನ್ನದೆಂದು ಹೊತ್ತುಕೊಂಡು ಓಡಾಡಿದೆ, ನಾನು ಪಕ್ಕದಲ್ಲೇ ಮಲಗಿದ್ದೂ ಕಂಡಿಲ್ಲ. ನಿಮ್ಮ ಕಡತದ ಆ ಹೇಳಿಕೆಯಲ್ಲಿರುವ ತಾಯಿ, ಮಗಳ ವಿಷಯ ಏನೂ ತಿಳಿಯದವಳು, ಕೊನೆಗೂ ನಿಜವೇ ಆದಳು.

ಆದ್ದರಿಂದ ಕೇಳಿಕೊಳ್ಳುತ್ತೇನೆ, ಇಲ್ಲ, ಒತ್ತಾಯಿಸುತ್ತೇನೆ. ಗಂಗಾಂಬಿಕಾ ಅವರ ಅಮಾನತು ಆದೇಶವನ್ನು ಹಿಂತೆಗೆದುಕೊಳ್ಳಿ. ಹಾಜರಿ ಪುಸ್ತಕದಲ್ಲಿ ಬರೆದ ಕೈ ಅವರದು, ಬರೆಸಿದ ಬಾಯಿ ನನ್ನದು. ಕೇಸು ಹಾಕುವುದಾದರೆ ನನ್ನ ಮೇಲೆ ಹಾಕಿ, ವಿಳಾಸ ತಮ್ಮ ಕಡತದಲ್ಲೇ ಇದೆ. ಹೊಸ ಹೇಳಿಕೆ ಬರೆದುಕೊಡಲು ಒಂದು ದಿನ, ಒಂದು ಹೊತ್ತು ತಿಳಿಸಿ. ಆ ದಿನ ತಾವು ಕಚೇರಿಯಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಸಹಿ ಹಾಕಿಯೇ ಹೋಗುತ್ತೇನೆ. ಗಂಗಾಂಬಿಕಾ ಮೇಡಂ ಅವರನ್ನೂ ಅಲ್ಲಿಗೆ ಕರೆಸಿ. ಇಂಚರ ನನ್ನ ಜೊತೆ ಬರುತ್ತಾಳೆ. ಈ ಸಲ ನಾನು ಬರೆದದ್ದನ್ನು ಅವಳು ಓದಿ ಸರಿಯಿದೆ ಎಂದ ಮೇಲೆಯೇ ತಮ್ಮ ಮೇಜಿಗೆ ಬರುತ್ತದೆ.

ಇಂತಿ,
ಸುಳ್ಳು ಸಾಕ್ಷಿಯಿಂದ ಆರೋಪಿಯ ಸ್ಥಾನಕ್ಕೆ ಬಡ್ತಿ ಕೋರುವ,
ಮಂಜುಳಾ
ಕೊಳಾಲ ಹೋಬಳಿ